ಮೂರನೇ ಚಕ್ರದ ಲೆಕ್ಕ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಮಿಷನ್ ಬುಲೆವಾರ್ಡ್ ಸಿಗ್ನಲ್‌ನಲ್ಲಿ ನನ್ನ ಕಾರಿನ ಪಕ್ಕ ಮೂರು ಚಕ್ರದ ಬೈಕೊಂದು ಬಂದು ನಿಂತಿತು. ಮುಂದೆ ಎರಡು ಚಕ್ರ, ಹಿಂದೆ ದಪ್ಪನೆಯದೊಂದು. ಓಡಿಸುತ್ತಿದ್ದವಳು ಹೆಚ್ಚುಕಮ್ಮಿ ನನ್ನ ವಯಸ್ಸಿನವಳೇ. ಹೆಲ್ಮೆಟ್ ಕೆಳಗಿಂದ ನರೆತ ಜಡೆ ಇಳಿಬಿದ್ದಿತ್ತು. ನನ್ನ ಕಣ್ಣು ಹೋಗಿದ್ದು ಅವಳ ಕಾಲಿನ ಕಡೆ. ಸಿಗ್ನಲ್ ಕೆಂಪಿದ್ದರೂ ಅವಳು ಕಾಲು ಊರಿರಲಿಲ್ಲ. ಎರಡೂ ಕಾಲನ್ನು ಗಾಡಿ ಮೇಲೇ ಇಟ್ಟುಕೊಂಡು, ಜಗಲಿಯಲ್ಲಿ ಕೂತವರ ಹಾಗೆ ಆರಾಮಾಗಿ ಅತ್ತಿತ್ತ ನೋಡುತ್ತಿದ್ದಳು. ಹಸಿರು ಬಂತು, ಹೋದಳು. ಹಿಂದಿನ ಕಾರಿನವನು ಹಾರ್ನ್ ಹೊಡೆದ ಮೇಲೆ ನಾನು ಹೊರಟೆ.

ಆ ಕಾಲು ನನಗೆ ಯಾಕೆ ಅಷ್ಟು ದೊಡ್ಡ ವಿಷಯ ಅಂತ ಹೇಳಿಬಿಡುತ್ತೇನೆ. ಚನ್ನರಾಯಪಟ್ಟಣದಲ್ಲಿ ಹತ್ತನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಚಿಕ್ಕಪ್ಪನ ಲೂನಾ ಕಲಿಯಲು ಹೋಗಿ ಬಿದ್ದಿದ್ದೆ. ಶ್ರವಣಬೆಳಗೊಳದ ರಸ್ತೆಯಲ್ಲಿ ಸ್ವಲ್ಪ ದೂರ ಚೆನ್ನಾಗಿಯೇ ಹೋದೆ. ವಾಪಸ್ ತಿರುಗಿಸಿಕೊಳ್ಳುವಾಗ ದಬಕ್ ಅಂತ ಬಿದ್ದೆ. ಮೊಣಕೈ ತರಚಿತು, ಗದ್ದಕ್ಕೆ ಮೂರು ಹೊಲಿಗೆ ಬಿತ್ತು. ಅಪ್ಪ ಬೈಯಲಿಲ್ಲ. "ನಿಂಗೆ ಬ್ಯಾಲೆನ್ಸ್ ಬರಲ್ಲ ಕಣಮ್ಮ, ಬಿಡು" ಅಂದರು, ಅಷ್ಟೇ. ಬೈದಿದ್ದರೆ ವಾಸಿ ಇತ್ತು. ನನ್ನ ತಮ್ಮ ಅದೇ ಲೂನಾದಿಂದ ನಾಲ್ಕು ಸಲ ಬಿದ್ದ. ಅವನ ಬ್ಯಾಲೆನ್ಸ್ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ.

ಆಮೇಲೆ ಮೂವತ್ತು ವರ್ಷ ನಾನು ಹಿಂದಿನ ಸೀಟಿನವಳೇ. ಮೊದಲು ತಮ್ಮನ ಹಿಂದೆ, ಆಮೇಲೆ ನಮ್ಮ ಮನೆಯವರ ಹಿಂದೆ. ಇಲ್ಲಿಗೆ ಬಂದ ಮೇಲೆ ಕಾರು. ಮಗಳು ಕಾಲೇಜಿಗೆ ಅಂತ ಬೇರೆ ಊರಿಗೆ ಹೋದ ಮೇಲೆ ಭಾನುವಾರದ ಬೆಳಗ್ಗೆ ಖಾಲಿ ಹೊಡೆಯತೊಡಗಿತು. ಈ ಗಾಡಿ ಕಣ್ಣಿಗೆ ಬಿದ್ದದ್ದು ಆಗ. ಬೀಳಲು ಸಾಧ್ಯವೇ ಇಲ್ಲದ ಬೈಕು! ಇದು ನನಗೇ ಅಂತ ಮಾಡಿದ್ದಾರೆ ಅನ್ನಿಸಿತು.

ಮನೆಗೆ ಬಂದು ಹುಡುಕಿದೆ. ಕ್ಯಾನ್-ಆಮ್ ರೈಕರ್ ಅಂತ ಹೆಸರು. ಕೆನಡಾದ ಕ್ವಿಬೆಕ್‌ನ ವಾಲ್‌ಕೋರ್ ಊರಿನ ಬಿಆರ್‌ಪಿ ಕಂಪನಿಯದು. ಸ್ಕೀ-ಡೂ ಅನ್ನುವ ಹಿಮದ ಮೇಲೆ ಓಡುವ ಗಾಡಿ ಮಾಡುವವರೂ ಇವರೇ. ಅದು ಗೊತ್ತಾದ ಮೇಲೆ ಈ ಗಾಡಿಯ ಆಕಾರ ಅರ್ಥವಾಯಿತು. ಹಿಮದ ಗಾಡಿಗೆ ಮುಂದೆ ಎರಡು ಜಾರುವ ಹಲಗೆ, ಹಿಂದೆ ತಳ್ಳುವ ಒಂದು ಪಟ್ಟಿ. ಹಲಗೆಗಳ ಜಾಗಕ್ಕೆ ಎರಡು ಚಕ್ರ, ಪಟ್ಟಿಯ ಜಾಗಕ್ಕೆ ಒಂದು ಚಕ್ರ ಹಾಕಿದರೆ ರಸ್ತೆಗೆ ಬಂತು. 2007ರಲ್ಲಿ ಸ್ಪೈಡರ್ ಅನ್ನುವ ದೊಡ್ಡಣ್ಣ ಬಂದಿತ್ತು. 2018ರಲ್ಲಿ ಅದರ ತಂಗಿಯ ಹಾಗೆ, ಚಿಕ್ಕದಾಗಿ, ಅಗ್ಗವಾಗಿ ರೈಕರ್ ಬಂತು. ಆಗ ಬೆಲೆ ಶುರುವಾಗುತ್ತಿದ್ದುದು 8,499 ಡಾಲರ್‌ನಿಂದ. ಗೇರಿಲ್ಲ, ಕ್ಲಚ್ಚಿಲ್ಲ. ಕೈಯಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಮುಂದಕ್ಕೆ. ರಿವರ್ಸ್ ಕೂಡ ಇದೆ, ಎಡಗಾಲಲ್ಲಿ ಹಾಕಬೇಕು. ಸೀಟು ನೆಲದಿಂದ ಎರಡಡಿ ಎತ್ತರವೂ ಇಲ್ಲ. ಐದಡಿಯ ನನಗೆ ಇನ್ನೇನು ಬೇಕು?

ರಾತ್ರಿ ಊಟದ ಹೊತ್ತಿಗೆ ಮನೆಯವರಿಗೆ ಫೋಟೋ ತೋರಿಸಿದೆ. ಅನ್ನ ಕಲೆಸುತ್ತಲೇ ನೋಡಿ, "ಇದ್ರಲ್ಲಿ ನಾನೆಲ್ಲಿ ಕೂರ್ಲಿ?" ಅಂದರು. ಸರಿಯಾದ ಪ್ರಶ್ನೆಯೇ. ಸಾದಾ ಮಾಡೆಲ್‌ಗೆ ಇರುವುದು ಒಂದೇ ಸೀಟು. ಹಿಂದೆ ಇನ್ನೊಬ್ಬರು ಕೂರಬೇಕಾದರೆ ಬೇರೆ ಸೀಟು ಕೊಂಡು ಹಾಕಿಸಿಕೊಳ್ಳಬೇಕು.

"ನೀವು ಯಾಕ್ರೀ ಕೂರ್ಬೇಕು?" ಅಂದೆ. ಅವರು ಸುಮ್ಮನಾದರು.

ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಅವಳು ಕನ್ನಡಕ ಏರಿಸಿ, ಇಳಿಸಿ, ನೋಡಿದಳು. "ಮೂರು ಚಕ್ರನಾ? ಆಟೋ ಓಡ್ಸೋಕೆ ಅಷ್ಟು ದೂರ ಹೋಗ್ಬೇಕಿತ್ತೇನೇ?"

ನಗು ಬಂದರೂ ಅಮ್ಮನ ಮಾತು ತಲೆಯಲ್ಲಿ ಕೂತಿತು. ಆಟೋ ಬೀಳುವುದಿಲ್ಲವಾ? ಚೆನ್ನಾಗಿಯೇ ಬೀಳುತ್ತದೆ. ಜೋರಾಗಿ ತಿರುಗಿಸಿಕೊಂಡು ಬ್ರೇಕ್ ಹಾಕಿದ ಆಟೋ ಪಕ್ಕಕ್ಕೆ ಮಗುಚಿಕೊಂಡದ್ದನ್ನು ನಮ್ಮೂರ ಬಸ್ ಸ್ಟ್ಯಾಂಡಿನ ಹತ್ತಿರವೇ ನೋಡಿದ್ದೇನೆ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಆಟೋಗೆ ಮುಂದೆ ಇರುವುದು ಒಂದೇ ಚಕ್ರ. ಆ ಭಾರ ಓರೆಯಾಗಿ ಮುಂದಿನ ಮೂಲೆಗೆ ಬಂದರೆ ಅಲ್ಲಿ ಹಿಡಿಯಲು ಏನೂ ಇಲ್ಲ. ರೈಕರ್ ಇದರ ಉಲ್ಟಾ. ಭಾರ ಬಂದು ಬೀಳುವ ಕಡೆಯೇ ಎರಡು ಚಕ್ರ ಇವೆ, ಅದೂ ಒಂದೂವರೆ ಮೀಟರ್ ಅಗಲಕ್ಕೆ. ಜೊತೆಗೆ ತಿರುವಿನಲ್ಲಿ ಚಕ್ರ ಮೇಲೇಳುವ ಸೂಚನೆ ಕಂಡರೆ ಎಂಜಿನ್ ಶಕ್ತಿ ತಗ್ಗಿಸಿ, ಬೇಕಾದ ಚಕ್ರಕ್ಕೆ ತಾನೇ ಬ್ರೇಕ್ ಹಾಕುವ ಎಲೆಕ್ಟ್ರಾನಿಕ್ ಏರ್ಪಾಡು ಇದೆ. ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. "ಸರಿ, ಮೀಟರ್ ಹಾಕಿಸ್ಕೋ" ಅಂದಳು.

ಲೈಸೆನ್ಸ್ ವಿಚಾರದಲ್ಲಿ ನನಗೆ ಆಶ್ಚರ್ಯವೇ ಆಯಿತು. ಕ್ಯಾಲಿಫೋರ್ನಿಯಾದಲ್ಲಿ ಎರಡು ಚಕ್ರದ ಬೈಕಿಗೆ ಎಂ1 ಲೈಸೆನ್ಸ್ ಬೇಕು. ಮೂರು ಚಕ್ರದ ಇಂಥ ಗಾಡಿಗೆ ಬೇಡ, ಕಾರಿನ ಕ್ಲಾಸ್ ಸಿ ಲೈಸೆನ್ಸೇ ಸಾಕು. ಎಲ್ಲ ರಾಜ್ಯಗಳಲ್ಲೂ ಹೀಗಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಮೂರು ಚಕ್ರಕ್ಕೆ ಅಂತಲೇ ಬೇರೆ ಅನುಮತಿ ತಗೋಬೇಕು. ನನಗೆ ಇಲ್ಲಿ ಯಾರೂ ಏನೂ ಕೇಳುವುದಿಲ್ಲ. ಹೆಲ್ಮೆಟ್ ಮಾತ್ರ ಕಡ್ಡಾಯ. ಅಂದರೆ ಜೀವಮಾನದಲ್ಲಿ ಒಂದು ಸ್ಕೂಟಿಯನ್ನೂ ಓಡಿಸದವಳು ಶನಿವಾರ ಬೆಳಗ್ಗೆ ದುಡ್ಡು ಕೊಟ್ಟು, ಮಧ್ಯಾಹ್ನ ಇದರ ಮೇಲೆ ಫ್ರೀವೇಗೆ ಹತ್ತಬಹುದು. ಖುಷಿಯಾಗಬೇಕಿತ್ತು. ಹೊಟ್ಟೆಯಲ್ಲಿ ಕಸಿವಿಸಿಯಾಯಿತು. ಅಮೆರಿಕದ ಸರ್ಕಾರದ ಲೆಕ್ಕದಲ್ಲಿ, ಒಂದೇ ದೂರ ಓಡಿದರೆ, ಕಾರಿನಲ್ಲಿ ಕೂತವರಿಗಿಂತ ಬೈಕಿನವರು ಸಾಯುವ ಸಂಭವ ಇಪ್ಪತ್ತು ಪಟ್ಟಿಗಿಂತ ಜಾಸ್ತಿ. ಅದರಲ್ಲಿ ತಾವೇ ಬಿದ್ದವರೂ ಇದ್ದಾರೆ, ಯಾರೋ ನೋಡದೆ ಗುದ್ದಿದವರೂ ಇದ್ದಾರೆ. ಮೂರನೇ ಚಕ್ರ ಮೊದಲಿನದಕ್ಕೆ ಮದ್ದು. ಎರಡನೆಯದಕ್ಕೆ ಅಲ್ಲ. ಮೈಗೆ ಸುತ್ತ ತಗಡಿಲ್ಲ ಅನ್ನುವುದು ಎರಡು ಚಕ್ರಕ್ಕೂ ಒಂದೇ, ಮೂರು ಚಕ್ರಕ್ಕೂ ಒಂದೇ.

ಆದರೂ ಷೋರೂಮಿಗೆ ಹೋದೆ. ಹೋಗದೆ ಇರಲು ಆಗಲಿಲ್ಲ.

ಅಲ್ಲಿದ್ದ ಹುಡುಗ ಒಳ್ಳೆಯವನು. ಹ್ಯಾಂಡಲ್ಲನ್ನೂ ಕಾಲಿಡುವ ಜಾಗವನ್ನೂ ಸ್ಪ್ಯಾನರ್ ಇಲ್ಲದೆ ನನ್ನ ಅಳತೆಗೆ ಎಳೆದು ಕೂರಿಸಿದ. ಇದು ನಿಜಕ್ಕೂ ಜಾಣತನದ ಕೆಲಸ. ಜೀವನದಲ್ಲಿ ಮೊದಲ ಸಲ ಒಂದು ಗಾಡಿ ನನ್ನ ಅಳತೆಗೆ ಬಂತು. ಇಲ್ಲದಿದ್ದರೆ ನಾನೇ ಅದರ ಅಳತೆಗೆ ಎಳೆದುಕೊಳ್ಳಬೇಕಿತ್ತು. ಬ್ರೇಕ್ ಎಲ್ಲಿ ಅಂದೆ. ಬಲಗಾಲ ಕೆಳಗಿನ ಒಂದೇ ಪೆಡಲ್, ಮೂರೂ ಚಕ್ರಕ್ಕೆ ಅದೇ. ಕೈಯಲ್ಲಿ ಬ್ರೇಕ್ ಇಲ್ಲವೇ ಇಲ್ಲ. ಕಾರು ಓಡಿಸಿ ಅಭ್ಯಾಸವಾದ ನನ್ನ ಕಾಲಿಗೆ ಅದು ಹೇಳಿಕೊಡಬೇಕಾಗಿರಲಿಲ್ಲ.

ಷೋರೂಮಿನ ಹಿಂದಿನ ರಸ್ತೆಯಲ್ಲಿ ಹದಿನೈದು ನಿಮಿಷ. ಮೊದಲ ಐದು ನಿಮಿಷ ನಾನು ಹೆಲ್ಮೆಟ್ ಒಳಗೆ ಸುಮ್ಮನೆ ನಗುತ್ತಿದ್ದೆ. ಗಾಳಿ, ಎಂಜಿನ್ ಸದ್ದು, ನೆಲ ಅಷ್ಟು ಹತ್ತಿರ. ಸ್ಟಾಪ್ ಬೋರ್ಡ್ ಹತ್ತಿರ ನಿಲ್ಲಿಸಿ ಬೇಕಂತಲೇ ಕಾಲೂರದೆ ಕೂತೆ. ಪಕ್ಕದಲ್ಲಿ ನೋಡುವವರು ಯಾರೂ ಇರಲಿಲ್ಲ, ಅದೊಂದೇ ಬೇಜಾರು.

ಆಮೇಲೆ ಒಂದು ತಿರುವು ಬಂತು. ಸುಮಾರು ಮೂವತ್ತು ಮೈಲಿ ವೇಗ. ಹ್ಯಾಂಡಲ್ ತಿರುಗಿಸಿದೆ. ಗಾಡಿ ಅಂಟಿಕೊಂಡ ಹಾಗೆ ತಿರುಗಿತು. ನಾನು ತಿರುಗಲಿಲ್ಲ! ಮೈಯೆಲ್ಲ ಹೊರಗಡೆಗೆ ಎಳೆದ ಹಾಗಾಯಿತು, ಹ್ಯಾಂಡಲ್ ಹಿಡಿದು ತೂಗಿಕೊಂಡೆ. ಘಾಟಿಯಲ್ಲಿ ಕೆಂಪು ಬಸ್ಸಿನ ಕಿಟಕಿ ಪಕ್ಕದವರು ಮಧ್ಯದವರ ಮೇಲೆ ಬೀಳುತ್ತಾರಲ್ಲ, ಹಾಗೆ. ಬೀಳಲು ಪಕ್ಕದಲ್ಲಿ ಯಾರೂ ಇಲ್ಲ, ಅಷ್ಟೇ. ವಾಪಸ್ ಬಂದು ಹೇಳಿದಾಗ ಹುಡುಗ ನಕ್ಕ. ತಿರುವಿನಲ್ಲಿ ನೀವೇ ಒಳಗಡೆಗೆ ಬಗ್ಗಬೇಕು, ಗಾಡಿ ಬಗ್ಗುವುದಿಲ್ಲ ಅಂದ.

ಬೆಲೆಯ ಕಾಗದ ಕೊಟ್ಟ. ಗಾಡಿಯ ಬೆಲೆ ಒಂದು ಸಾಲು. ಅದರ ಕೆಳಗೆ ಸಾಗಾಟ, ಜೋಡಣೆ, ಕಾಗದಪತ್ರ, ನನಗೆ ಅರ್ಥವಾಗದ ಇನ್ನೆರಡು ಸಾಲು. ಕೊನೆಗೆ ಹತ್ತು ಪರ್ಸೆಂಟ್ ಮೇಲಿನ ಸೇಲ್ಸ್ ಟ್ಯಾಕ್ಸ್. ಎಲ್ಲ ಸೇರಿ ಹನ್ನೆರಡು ಸಾವಿರ ಡಾಲರ್ ದಾಟಿತ್ತು. "ಇವತ್ತೇ ಆದರೆ ಹೆಲ್ಮೆಟ್ ಫ್ರೀ" ಅಂದ. ಮದುವೆ ಸೀರೆ ಅಂಗಡಿಯ ಮಾತು ಎಲ್ಲಿ ಹೋದರೂ ಒಂದೇ. ನಾಳೆ ಬರ್ತೀನಿ ಅಂತ ಹೇಳಿ ಬಂದೆ.

ಮನೆಯವರು ಒಂದು ಒಳ್ಳೆಯ ಮಾತು ಹೇಳಿದರು. "ಹದಿನೈದು ನಿಮಿಷದಲ್ಲಿ ಏನು ಗೊತ್ತಾಗುತ್ತೆ? ಒಂದಿನ ಬಾಡಿಗೆಗೆ ತಗೊಂಡು, ನೀನು ಹೋಗ್ಬೇಕು ಅಂತಿರೋ ರಸ್ತೇಲೇ ಹೋಗಿ ಬಾ."

ನಾನು ಹೋಗಬೇಕು ಅಂತಿದ್ದ ರಸ್ತೆ 84. ನಮ್ಮ ಊರಿಂದ ಡಂಬಾರ್ಟನ್ ಸೇತುವೆ ದಾಟಿ, ವುಡ್‌ಸೈಡ್ ಮೂಲಕ ಬೆಟ್ಟ ಹತ್ತಿ, ರೆಡ್‌ವುಡ್ ಮರಗಳ ನಡುವೆ ಲಾ ಹೋಂಡಾ ಕಡೆ ಇಳಿದು, ಸ್ಯಾನ್ ಗ್ರೆಗೋರಿಯೋದಲ್ಲಿ ಸಮುದ್ರಕ್ಕೆ ಮುಟ್ಟುತ್ತದೆ. ಕಾರಿನಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಪ್ರತಿ ಸಲವೂ ಬೈಕಿನವರು ಮುಂದೆ ಹೋಗಲಿ ಅಂತ ಪಕ್ಕಕ್ಕೆ ಸರಿದು ಜಾಗ ಕೊಟ್ಟವಳು ನಾನು.

ಸೇತುವೆಯ ಮೇಲೆ ಮೂರು ಚಕ್ರ ನನ್ನ ಮನಸ್ಸು ಗೆದ್ದಿತು. ಕೊಲ್ಲಿಯ ಮೇಲಿನ ಗಾಳಿ ಪಕ್ಕದಿಂದ ಬಡಿಯುತ್ತಿತ್ತು. ಪಕ್ಕದ ಲೇನಿನಲ್ಲಿ ಒಬ್ಬ ಬೈಕಿನವನು ಗಾಳಿಗೆ ಓರೆಯಾಗಿಯೇ ಹೋಗುತ್ತಿದ್ದ. ನನ್ನ ಗಾಡಿ ಅಲುಗಲಿಲ್ಲ. ಆ ಕಡೆ ಇಳಿದ ಮೇಲೆ ಸಿಗ್ನಲ್ ಮೇಲೆ ಸಿಗ್ನಲ್. ಅಲ್ಲೂ ಆರಾಮ.

ಆದರೆ ರಸ್ತೆಯನ್ನು ನೋಡುವ ರೀತಿ ಬದಲಾಗಿತ್ತು. ಕಾರಿನಲ್ಲಿ ಗುಂಡಿ ಬಂದರೆ ಎರಡು ಚಕ್ರದ ನಡುವೆ ಬಿಟ್ಟುಕೊಂಡು ಹೋಗುತ್ತೇವೆ. ಬೈಕಿನವರು ಪಕ್ಕಕ್ಕೆ ಸರಿದು ಹೋಗುತ್ತಾರೆ. ಇದರಲ್ಲಿ ಎರಡೂ ಆಗುವುದಿಲ್ಲ. ಮುಂದಿನ ಎರಡು ಚಕ್ರದ ನಡುವೆ ಬಿಟ್ಟರೆ ಹಿಂದಿನದು ಸರಿಯಾಗಿ ಗುಂಡಿಗೇ ಇಳಿಯುತ್ತದೆ. ಮೂರು ಚಕ್ರಕ್ಕೆ ಮೂರು ದಾರಿ. ಇನ್ನೊಂದು, ಲೇನಿನ ನಡುಮಧ್ಯದಲ್ಲಿ ಕಾರು, ಲಾರಿಗಳಿಂದ ತೊಟ್ಟಿಕ್ಕಿದ ಎಣ್ಣೆಯ ಕಪ್ಪು ಪಟ್ಟಿ ಇರುತ್ತದಲ್ಲ, ಗಾಡಿಯನ್ನು ತಳ್ಳುವ ಆ ಹಿಂದಿನ ಚಕ್ರ ಅದರ ಮೇಲೇ ಉರುಳುತ್ತಿರುತ್ತದೆ. ಒಣ ದಿನ ಏನೂ ಅಲ್ಲ. ಮಳೆಗಾಲದ ಮೊದಲ ಮಳೆಯ ದಿನ ಯೋಚನೆ ಮಾಡಬೇಕಾದ್ದು.

ವುಡ್‌ಸೈಡ್ ದಾಟಿದ ಮೇಲೆ ಬೆಟ್ಟದ ತಿರುವುಗಳು ಶುರುವಾದವು. ಅಲ್ಲಿ ನನಗೆ ನಿಜವಾದ ಕೆಲಸ ಬಿತ್ತು. ಎಡ ತಿರುವಿಗೆ ಮೈ ಎಡಕ್ಕೆ, ಬಲಕ್ಕೆ ಬಲಕ್ಕೆ. ರೈಕರ್‌ಗೆ ಪವರ್ ಸ್ಟೀರಿಂಗ್ ಇಲ್ಲ, ತೋಳೇ ತಿರುಗಿಸಬೇಕು. ಒಂದು ಕಡೆ ಸ್ವಲ್ಪ ಜಾಸ್ತಿ ವೇಗದಲ್ಲಿ ಹೋದೆ. ಗಾಡಿ ತಾನೇ ಎಂಜಿನ್ ಉಸಿರು ಕಟ್ಟಿಸಿ ನನ್ನನ್ನು ನಿಧಾನ ಮಾಡಿತು. ಬೈಯದೆ ಬುದ್ಧಿ ಹೇಳಿದ ಹಾಗೆ. ಅಪ್ಪನ ನೆನಪಾಯಿತು.

ಬೆಟ್ಟದ ಮೇಲೆ 84 ಮತ್ತು ಸ್ಕೈಲೈನ್ ಬುಲೆವಾರ್ಡ್ ಸೇರುವ ಕಡೆ ಆಲಿಸಸ್ ರೆಸ್ಟೋರೆಂಟ್ ಇದೆ. ಭಾನುವಾರ ಅಲ್ಲಿ ಬೈಕುಗಳ ಸಂತೆ. ನಾನು ನಿಲ್ಲಿಸಿದ ಪಕ್ಕದಲ್ಲೇ ಒಬ್ಬ ಎಪ್ಪತ್ತರ ಆಸುಪಾಸಿನ ಮುದುಕ ಸ್ಪೈಡರ್‌ನಿಂದ ಇಳಿದ. ಇಳಿದ ಅನ್ನುವುದಕ್ಕಿಂತ ಒಂದೊಂದೇ ಕಾಲು ತೆಗೆದಿಟ್ಟ. ಸೊಂಟದ ಆಪರೇಷನ್ ಆಗಿದೆಯಂತೆ. ಅದಕ್ಕೆ ಮೊದಲು ನಲವತ್ತು ವರ್ಷ ಎರಡು ಚಕ್ರವನ್ನೇ ಓಡಿಸಿದವನು. ಇದು ನನ್ನ ಮೊದಲ ಗಾಡಿಯಾಗಬೇಕು ಅಂತಿದ್ದೇನೆ ಅಂದೆ. ಅವನು ಕಾಫಿ ಕುಡಿಯುತ್ತಾ ಹೇಳಿದ ಮಾತು ಇಡೀ ವಿಷಯವನ್ನು ತಿರುಗಿಸಿ ಹಾಕಿತು.

ಅವನಿಗೆ ಸ್ಪೈಡರ್ ಕಲಿಯಲು ಒಂದು ತಿಂಗಳು ಬೇಕಾಯಿತಂತೆ. ಬ್ರೇಕ್ ಹಿಡಿಯಲು ಹೋದ ಬಲಗೈ ಬೆರಳುಗಳು ಗಾಳಿಯನ್ನು ಹಿಡಿಯುತ್ತಿದ್ದವಂತೆ. ಅದಕ್ಕಿಂತ ದೊಡ್ಡ ಕಷ್ಟ ತಿರುಗಿಸುವುದು. ಬೈಕು ಸ್ವಲ್ಪ ವೇಗದಲ್ಲಿದ್ದಾಗ ಬಲಕ್ಕೆ ಹೋಗಬೇಕಾದರೆ ಬಲಗಡೆಯ ಹ್ಯಾಂಡಲ್ಲನ್ನು ಮುಂದಕ್ಕೆ ಒತ್ತಬೇಕು. ಚಕ್ರ ಒಂದು ಗಳಿಗೆ ಎಡಕ್ಕೆ ಹೋಗುತ್ತದೆ, ಬೈಕು ಬಲಕ್ಕೆ ವಾಲುತ್ತದೆ, ವಾಲಿದ ಕಡೆಗೆ ಹೋಗುತ್ತದೆ. ಸೈಕಲ್ ಬಿಡುವವರೆಲ್ಲ ಗೊತ್ತಿಲ್ಲದೆ ಮಾಡುವುದೂ ಇದನ್ನೇ. ಮೂರು ಚಕ್ರದಲ್ಲಿ ಬಲಗಡೆ ಒತ್ತಿದರೆ ಸೀದಾ ಎಡಕ್ಕೇ ಹೋಗುತ್ತೀರಿ. ಮೊದಲ ದಿನ ಅವನು ಹಾಗೆ ಎದುರಿನ ಲೇನಿಗೆ ನುಗ್ಗಿದ್ದನಂತೆ.

"ನಿಮಗೆ ಮರೆಯಬೇಕಾದ್ದು ಏನೂ ಇಲ್ಲ, ಹಾಗಾಗಿ ನನಗಿಂತ ಬೇಗ ಕಲಿಯುತ್ತೀರಿ" ಅಂದ. ಆಮೇಲೆ ಎದುರಿಗೆ ಸಾಲಾಗಿ ನಿಂತಿದ್ದ ಬೈಕುಗಳ ಕಡೆ ಗದ್ದ ತೋರಿಸಿದ. "ಆದರೆ ಇದರಲ್ಲಿ ಕಲಿತದ್ದನ್ನು ಅದಕ್ಕೆ ಒಯ್ಯಲು ಆಗುವುದಿಲ್ಲ. ನಿಮಗೆ ಬೇಕಾಗಿರುವುದು ಇದೋ, ಅದೋ?"

ನನಗೆ ಉತ್ತರ ಬರಲಿಲ್ಲ. ಅಲ್ಲಿಯವರೆಗೆ ನಾನು ರೈಕರ್ ಅಂದರೆ ಮಕ್ಕಳ ಸೈಕಲ್ಲಿನ ಸೈಡ್ ವೀಲ್ ಅಂದುಕೊಂಡಿದ್ದೆ. ಇದರಲ್ಲಿ ಧೈರ್ಯ ಬಂದ ಮೇಲೆ ಒಂದು ದಿನ ಎರಡು ಚಕ್ರಕ್ಕೆ ಹೋಗುವುದು ಅನ್ನುವ ಲೆಕ್ಕ ಒಳಗೆಲ್ಲೋ ಇತ್ತು. ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರಿಗೆ ಪೋಲಿಯೋ ಆಗಿ ಒಂದು ಕಾಲು ಸೊರಗಿತ್ತು. ಸ್ಕೂಟರಿಗೆ ಎರಡೂ ಪಕ್ಕ ಚಕ್ರ ಹಾಕಿಸಿಕೊಂಡಿದ್ದರು. ಮಳೆಗಾಲದಲ್ಲಿ ರಸ್ತೆ ಅಂಚು ಇಳಿಜಾರಾಗಿದ್ದರೆ ಆ ಸ್ಕೂಟರ್ ರಸ್ತೆಯ ಓರೆಗೆ ತಾನೂ ಓರೆಯಾಗಿ ಹೋಗುತ್ತಿತ್ತು. ಮೇಷ್ಟ್ರು ಅದರ ಉಲ್ಟಾ ಕಡೆಗೆ ಮೈ ಬಗ್ಗಿಸಿಕೊಂಡು ಓಡಿಸುತ್ತಿದ್ದರು. ನಾವು ಹುಡುಗಿಯರು ನಗುತ್ತಿದ್ದೆವು. ಎರಡು ಚಕ್ರದ ಹಾಗೆ ವಾಲಲಾಗದ ಗಾಡಿಯ ಮೇಲೆ ಕೂತವರು ತಾವೇ ವಾಲಬೇಕು ಅನ್ನುವುದನ್ನು ಮೇಷ್ಟ್ರು ದಿನಾ ಮಾಡಿ ತೋರಿಸುತ್ತಿದ್ದರು. ನಮಗೆ ತಿಳಿಯಲಿಲ್ಲ.

ವಾಲುವ ಮೂರು ಚಕ್ರದ ಗಾಡಿಗಳೂ ಇವೆ ಅನ್ನಿ. ಯಮಹಾದ ನೈಕನ್ ಬೈಕಿನ ಹಾಗೇ ಪೂರ್ತಿ ವಾಲುತ್ತದೆ. ಆದರೆ ನಿಂತಾಗ ಕಾಲೂರಲೇಬೇಕು, ಇಲ್ಲದಿದ್ದರೆ ಮೂರು ಚಕ್ರ ಇದ್ದೂ ಬೀಳುತ್ತದೆ! ಹಾರ್ಲಿಯ ಟ್ರೈ ಗ್ಲೈಡ್ ನಮ್ಮ ಆಟೋ ಥರ ಮುಂದೆ ಒಂದು, ಹಿಂದೆ ಎರಡು. ಐನೂರು ಕೆಜಿಗೂ ಜಾಸ್ತಿ ತೂಕ, ಬೆಲೆ ಕೇಳಲು ಹೋಗಲಿಲ್ಲ. ಪೊಲಾರಿಸ್ ಸ್ಲಿಂಗ್‌ಶಾಟ್‌ಗೆ ಸ್ಟೀರಿಂಗ್ ಚಕ್ರ, ಸೀಟ್ ಬೆಲ್ಟ್ ಎಲ್ಲ ಇವೆ. ಅದು ಬಾಗಿಲಿಲ್ಲದ ಕಾರು, ನನ್ನ ಪ್ರಕಾರ.

ಸಮುದ್ರದವರೆಗೆ ಹೋಗಿ ಬಂದೆ. ರಾತ್ರಿ ತೋಳಿಗೆ ನೀಲಗಿರಿ ಎಣ್ಣೆ ಹಚ್ಚಿಕೊಂಡೆ. ನಿದ್ದೆ ಬರಲಿಲ್ಲ. ಇದೋ, ಅದೋ?

ಹದಿನೈದು ದಿನ ಆದ ಮೇಲೆ ಎರಡು ಚಕ್ರದ ಕೋರ್ಸಿಗೆ ಹೆಸರು ಕೊಟ್ಟೆ. ಬೈಕ್ ಕೊಳ್ಳುವ ಉದ್ದೇಶ ಇರಲಿಲ್ಲ. ನನಗೆ ಬರುವುದಿಲ್ಲ ಅಂತ ಒಂದು ಸಲ ಖಚಿತವಾಗಿಬಿಟ್ಟರೆ ನೆಮ್ಮದಿಯಾಗಿ ರೈಕರ್ ತಗೋಬಹುದು ಅಂತ. ಗಾಡಿ ಅವರದೇ, ಹೆಲ್ಮೆಟ್ ಅವರದೇ. ಬಿದ್ದರೂ ಅವರ ಗಾಡಿ. ಇಪ್ಪತ್ತೊಂದು ವರ್ಷದ ಒಳಗಿನವರಿಗೆ ಇಲ್ಲಿ ಈ ಕೋರ್ಸ್ ಕಡ್ಡಾಯ, ಹಾಗಾಗಿ ಕ್ಲಾಸಿನಲ್ಲಿ ನನ್ನ ಮಗಳ ವಯಸ್ಸಿನವರೇ ಜಾಸ್ತಿ. ಒಬ್ಬ ಹುಡುಗ ನನ್ನನ್ನು ಇನ್ಸ್ಟ್ರಕ್ಟರ್ ಅಂದುಕೊಂಡು ನಮಸ್ಕಾರ ಹೇಳಿದ. ಅವನನ್ನು ತಿದ್ದಲಿಲ್ಲ.

ಒಂದು ಕಾಲೇಜಿನ ಖಾಲಿ ಪಾರ್ಕಿಂಗ್ ಜಾಗ. ಸಣ್ಣ ಬೈಕುಗಳು. ಮೊದಲು ಎಂಜಿನ್ ಆಫ್ ಮಾಡಿ ಬರೀ ತಳ್ಳುವುದು, ಬ್ರೇಕ್ ಹಾಕುವುದು. ಆಮೇಲೆ ಕ್ಲಚ್. ಕ್ಲಚ್ಚನ್ನು ಪೂರ್ತಿ ಬಿಡದೆ, ಪೂರ್ತಿ ಹಿಡಿಯದೆ, ನಡುವೆ ಒಂದು ಬೆರಳಗಲದ ಜಾಗದಲ್ಲಿ ಗಾಡಿ ಉಸಿರಾಡತೊಡಗುತ್ತದೆ. ಹಾಲು ಉಕ್ಕುವ ಹೊತ್ತಿಗೆ ಒಲೆ ಸಣ್ಣ ಮಾಡುವ ಹಾಗೆ ಅದನ್ನು ಹಿಡಿದುಕೊಂಡಿರಬೇಕು. ನನಗೆ ಅದು ಬೇಗ ಬಂತು. ಮೂರನೇ ಗಂಟೆಗೆ ಕೋನ್‌ಗಳ ನಡುವೆ ಹಾವಿನ ಹಾಗೆ ಹೋಗುತ್ತಿದ್ದೆ. ಹದಿನೈದು ಮೈಲಿ ವೇಗ ಇರಬೇಕು ಅಷ್ಟೇ. ಗಾಡಿ ಅತ್ತ ವಾಲುತ್ತಿತ್ತು, ಇತ್ತ ವಾಲುತ್ತಿತ್ತು, ನಾನೂ ಅದರ ಜೊತೆ. ಮೈ ಯಾವ ಕಡೆಗೂ ಎಳೆಯಲಿಲ್ಲ. ರೈಕರ್‌ನಲ್ಲಿ ಬೆಟ್ಟದ ತಿರುವಿನಲ್ಲಿ ತೋಳು ಮಾಡಿದ ಕೆಲಸವನ್ನೆಲ್ಲ ಇಲ್ಲಿ ಗಾಡಿ ತಾನೇ ವಾಲಿ ಮಾಡಿಬಿಡುತ್ತಿತ್ತು.

ಎರಡನೇ ದಿನ ಯೂ ಟರ್ನ್. ನೆಲದ ಮೇಲೆ ಬಳಿದ ಚೌಕದೊಳಗೆ ತಿರುಗಿಸಿಕೊಂಡು ಬರಬೇಕು. ಮೊದಲ ಸಲ ಗೆರೆ ದಾಟಿದೆ. ಎರಡನೇ ಸಲ ಗೆರೆ ಹತ್ತಿರ ಬಂದಾಗ ಹೆದರಿ ಬ್ರೇಕ್ ಹಿಡಿದೆ. ಗಾಡಿ ನಿಂತ ಜಾಗದಲ್ಲೇ ದಬಕ್ ಅಂತ ಮಲಗಿತು. ನಾನೂ.

ಅದೇ ಸದ್ದು. ಅದೇ ರೀತಿ ನೆಲ ಮೇಲೆ ಬಂದದ್ದು. ಕೈ ತಾನಾಗಿ ಗದ್ದಕ್ಕೆ ಹೋಯಿತು, ಹೆಲ್ಮೆಟ್ ಇತ್ತು.

ಇನ್ಸ್ಟ್ರಕ್ಟರ್ ಓಡಿ ಬರಲಿಲ್ಲ. ನಡೆದು ಬಂದಳು. ಪೆಟ್ಟಾಯಿತಾ ಅಂತ ಕೇಳಿ, ಆಗಿಲ್ಲ ಅಂದ ಮೇಲೆ, "ಯಾಕೆ ಬಿದ್ದಿರಿ ಗೊತ್ತಾ?" ಅಂದಳು. ಬ್ಯಾಲೆನ್ಸ್ ಇಲ್ಲ ಅಂದೆ. "ಅಲ್ಲ. ಹ್ಯಾಂಡಲ್ ತಿರುಗಿದ್ದಾಗ, ಇಷ್ಟು ನಿಧಾನ ಇದ್ದಾಗ, ಮುಂದಿನ ಬ್ರೇಕ್ ಗಬಕ್ಕನೆ ಹಿಡಿದರೆ ಯಾರು ಕೂತಿದ್ದರೂ ಬೀಳುತ್ತದೆ. ನಾನು ಕೂತಿದ್ದರೂ."

ಲೂನಾ. ಶ್ರವಣಬೆಳಗೊಳದ ರಸ್ತೆ. ವಾಪಸ್ ತಿರುಗಿಸಿಕೊಳ್ಳುತ್ತಿದ್ದೆ. ಹ್ಯಾಂಡಲ್ ಪೂರ್ತಿ ತಿರುಗಿತ್ತು. ಎದುರಿಂದ ಒಂದು ಸೈಕಲ್ ಬಂತು, ಹೆದರಿ ಎರಡೂ ಬ್ರೇಕ್ ಹಿಡಿದಿದ್ದೆ. ರಸ್ತೆ ಅಂಚಿನಲ್ಲಿ ಮರಳು ಬೇರೆ ಇತ್ತು. ಅಷ್ಟೇ ಆಗಿದ್ದು. ಅಲ್ಲಿ ಯಾರಾದರೂ ಒಬ್ಬರು ಇದನ್ನು ಹೇಳಿದ್ದರೆ ಎರಡು ನಿಮಿಷದ ಮಾತು.

ಬಿದ್ದ ಬೈಕಿಗೆ ಬೆನ್ನು ಕೊಟ್ಟು, ಮಂಡಿ ಬಗ್ಗಿಸಿ ಎತ್ತುವುದು ಹೇಗೆ ಅಂತ ಅವಳೇ ತೋರಿಸಿದಳು. ಎತ್ತಿದೆ. ಮೂರನೇ ಸಲ ಚೌಕದೊಳಗೆ ತಿರುಗಿದೆ. ಬ್ರೇಕ್ ಮುಟ್ಟಲಿಲ್ಲ, ಹೋಗಬೇಕಾದ ಕಡೆ ತಲೆ ತಿರುಗಿಸಿ ನೋಡಿದೆ, ಗಾಡಿ ಆ ಕಡೆ ಬಂತು. ಸಂಜೆ ಪರೀಕ್ಷೆಯಲ್ಲಿ ಪಾಸಾದೆ. ಯೂ ಟರ್ನ್‌ನಲ್ಲಿ ಮಾರ್ಕ್ಸ್ ಹೋಯಿತು, ಪರವಾಗಿಲ್ಲ.

ಇಲ್ಲಿಂದ ಮುಂದೆ ಲೆಕ್ಕ ಸುಲಭವಾಯಿತು ಅಂತ ಹೇಳಿದರೆ ಸುಳ್ಳು. ಮೂರು ಚಕ್ರ ಇನ್ನೂ ಎಳೆಯುತ್ತಿತ್ತು. ಸಿಗ್ನಲ್‌ನಲ್ಲಿ ಕಾಲೂರದೆ ಕೂರುವ ಸುಖ ಸಣ್ಣದಲ್ಲ. ಸೇತುವೆ ಮೇಲಿನ ಗಾಳಿ ಇನ್ನೂ ಅಲ್ಲೇ ಇದೆ. ಮಂಡಿ, ಸೊಂಟದ ತೊಂದರೆ ಇರುವವರು, ಕ್ಲಚ್ ಹಿಡಿಯಲು ಎಡಗೈಯಲ್ಲಿ ಬಲ ಇಲ್ಲದವರು, ದೂರ ದೂರ ನೆಟ್ಟಗಿನ ರಸ್ತೆಯಲ್ಲಿ ಹೋಗುವವರು ನನ್ನನ್ನು ಕೇಳಿದರೆ ರೈಕರ್ ತಗೊಳ್ಳಿ ಅಂತಲೇ ಹೇಳುತ್ತೇನೆ, ಕಣ್ಣು ಮುಚ್ಚಿಕೊಂಡು. ಎರಡು ಚಕ್ರಕ್ಕೆ ಹೋಗುವ ಆಸೆಯೇ ಇಲ್ಲದವರಿಗೆ ಅದು ಮೊದಲ ಗಾಡಿಯಾಗಿ ಒಳ್ಳೆಯದೇ. ಆದರೆ ಅವರೂ ಒಂದು ಕೋರ್ಸ್ ಮಾಡಲಿ. ಮೂರು ಚಕ್ರಕ್ಕೇ ಅಂತ ಬೇರೆ ಕೋರ್ಸ್ ಇದೆ. ಲೈಸೆನ್ಸ್ ಕೇಳುವುದಿಲ್ಲ ಅಂದ ಮಾತ್ರಕ್ಕೆ ರಸ್ತೆ ಬಿಟ್ಟುಬಿಡುವುದಿಲ್ಲ.

ನನ್ನ ವಿಷಯ ಬೇರೆಯಾಯಿತು. ನಾನು ಮೂರನೇ ಚಕ್ರಕ್ಕೆ ದುಡ್ಡು ಕೊಡಲು ಹೊರಟಿದ್ದು ನನಗೆ ಬ್ಯಾಲೆನ್ಸ್ ಇಲ್ಲ ಅನ್ನುವ ಕಾರಣಕ್ಕೆ. ಆ ಕಾರಣವೇ ಪಾರ್ಕಿಂಗ್ ಜಾಗದಲ್ಲಿ ಮಾಯವಾಗಿತ್ತು. ಇನ್ನೂ ಸಣ್ಣಪುಟ್ಟ ವಿಚಾರಗಳಿದ್ದವು. ನಮ್ಮ ಗ್ಯಾರೇಜಿನಲ್ಲಿ ಕಾರಿನ ಪಕ್ಕ ಒಂದೂವರೆ ಮೀಟರ್ ಅಗಲದ ಗಾಡಿ ನಿಲ್ಲಿಸಿದರೆ ವಾಷಿಂಗ್ ಮೆಷಿನ್ ಹತ್ತಿರ ಹೋಗಲು ಆಗುವುದಿಲ್ಲ. ಮನೆಯವರು ಟೇಪ್ ಹಿಡಿದು ಅಳೆದೂ ಬಿಟ್ಟರು, ಪಾಪ. ಹಿಂದಿನ ಅಗಲವಾದ ಟೈರು ಮುಂದಿನವಕ್ಕಿಂತ ಬೇಗ ಸವೆಯುತ್ತದೆ, ಅದರ ಖರ್ಚು ಬೇರೆ. ಆದರೆ ಇವೆಲ್ಲ ಆಮೇಲೆ ಸೇರಿಸಿಕೊಂಡ ಕಾರಣಗಳು. ಕೋನ್‌ಗಳ ನಡುವೆ ಗಾಡಿ ವಾಲಿದ ಗಳಿಗೆಯಲ್ಲೇ ನನ್ನ ಮನಸ್ಸೂ ಒಂದು ಕಡೆ ವಾಲಿತ್ತು.

ಡಿಎಂವಿಯಲ್ಲಿ, ಅಂದರೆ ಇಲ್ಲಿನ ಆರ್‌ಟಿಓದಲ್ಲಿ, ಬರವಣಿಗೆ ಪರೀಕ್ಷೆ ಕೊಟ್ಟು ಎಂ1 ತಗೊಂಡೆ. ಕೋರ್ಸಿನ ಸರ್ಟಿಫಿಕೇಟ್ ಇದ್ದದ್ದರಿಂದ ಓಡಿಸಿ ತೋರಿಸುವ ಪರೀಕ್ಷೆ ಬಿಟ್ಟರು. ಬೆಲೆ ಕಾಗದ ಕೊಟ್ಟ ಷೋರೂಮ್ ಹುಡುಗನಿಗೆ ಫೋನ್ ಮಾಡಿ ಬೇಡ ಅಂದೆ. ಎರಡು ತಿಂಗಳು ಹುಡುಕಿ ಒಂದು ಹಳೆಯ ಹೋಂಡಾ ರೆಬೆಲ್ 300 ಕೊಂಡೆ. ಸೀಟು ಎತ್ತರ 69 ಸೆಂಟಿಮೀಟರ್, ನನ್ನ ಎರಡೂ ಪಾದ ಪೂರ್ತಿ ನೆಲಕ್ಕೆ ಮುಟ್ಟುತ್ತವೆ. ರೈಕರ್‌ಗೆ ಹೇಳಿದ್ದರಲ್ಲಿ ಮೂರನೇ ಒಂದು ಭಾಗ ದುಡ್ಡೂ ಆಗಲಿಲ್ಲ. ಉಳಿದದ್ದರಲ್ಲಿ ಒಳ್ಳೆಯ ಹೆಲ್ಮೆಟ್, ಭುಜಕ್ಕೆ ಮೊಣಕೈಗೆ ಗಟ್ಟಿ ಪಟ್ಟಿ ಇರುವ ಜಾಕೆಟ್, ಗ್ಲೌಸ್, ಬೂಟು. ಫ್ರೀವೇಗೆ ಇನ್ನೂ ಹೋಗಿಲ್ಲ. ಇಲ್ಲಿ ಕಾರುಗಳ ಸಾಲಿನ ನಡುವೆ ಬೈಕ್ ತೂರಿಸಿಕೊಂಡು ಹೋಗಲು ಕಾನೂನು ಒಪ್ಪುತ್ತದೆ, ನಾನು ಒಪ್ಪುವುದಿಲ್ಲ. ಭಾನುವಾರ ಬೆಳಗ್ಗೆ ಆರಕ್ಕೆ ನೈಲ್ಸ್ ಕ್ಯಾನ್ಯನ್ ರಸ್ತೆಯಲ್ಲಿ ಸುನೋಲ್‌ವರೆಗೆ, ವಾಪಸ್. ಅದೂ 84ನೇ ನಂಬರಿನ ರಸ್ತೆಯೇ. ಸಮುದ್ರದ ಕಡೆಯ ತುದಿ ಆಮೇಲೆ ನೋಡೋಣ.

ಅಮ್ಮನಿಗೆ ಗ್ಯಾರೇಜಿನಿಂದಲೇ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಫೋನನ್ನು ಬೈಕಿನ ಸುತ್ತ ಒಂದು ಸುತ್ತು ತಿರುಗಿಸಿದೆ. ಅವಳು ಕನ್ನಡಕ ಏರಿಸಿದಳು. ಇಳಿಸಿದಳು.

"ಇನ್ನೊಂದು ಚಕ್ರ ಎಲ್ಲೇ?"

"ಇಲ್ಲಮ್ಮ, ಎರಡೇ."

ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅಂದಳು, "ಆ ಆಟೋನೇ ತಗೋಬಾರ್ದಿತ್ತೇನೇ, ಮಹರಾಯ್ತಿ."